ಹಾರ್ಮೋನ್ ಮಾತ್ರೆಯಿಂದ ಮೈಯೆಲ್ಲ ಬಿಸಿಯೇ? ಮಾತ್ರೆ ಬಿಡಬೇಡಿ, ಹೀಗೆ ಮಾಡಿ

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು, ಕೀಮೋ ಮುಗಿಯಿತು, ಕರೆಂಟ್ (ರೇಡಿಯೇಷನ್) ಕೊಡಿಸಿದ್ದೂ ಆಯಿತು. ಇನ್ನು ದಿನಕ್ಕೊಂದು ಮಾತ್ರೆ ತಾನೇ ಅಂದುಕೊಳ್ಳುವ ಹೊತ್ತಿಗೆ ಹೊಸ ಕಾಟ ಶುರುವಾಗುತ್ತದೆ. ಸುಮ್ನೆ ಕೂತಿದ್ದಾಗಲೇ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ. ಬೆವರು ಇಳಿಯುತ್ತದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಚಳಿ, ನಡುಕ. ಡಾಕ್ಟರು ಇದನ್ನು ಹಾಟ್ ಫ್ಲಶ್ ಅನ್ನುತ್ತಾರೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹೆಂಗಸರು ಇದಕ್ಕೆ ಕಾಮಕಸ್ತೂರಿ ಬೀಜ, ಎಳನೀರು, ತಲೆಗೆ ಹರಳೆಣ್ಣೆ ಎಂದು ಎಲ್ಲವನ್ನೂ ಮಾಡಿ ನೋಡುತ್ತಾರೆ. ಅದರಿಂದ ತೊಂದರೆಯೇನಿಲ್ಲ. ತೊಂದರೆ ಆಗುವುದು ‘ಮಾತ್ರೆಯೇ ಹೀಟು’ ಎಂದು ಯಾರೋ ಹೇಳಿದ್ದನ್ನು ಕೇಳಿ ಮಾತ್ರೆಯನ್ನೇ ನಿಲ್ಲಿಸಿದಾಗ.

ಯಾಕೆ ಹೀಗಾಗುತ್ತದೆ?

ಕೆಲವು ಸ್ತನ ಕ್ಯಾನ್ಸರ್‌ಗಳು ಈಸ್ಟ್ರೋಜೆನ್ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ಟಮಾಕ್ಸಿಫೆನ್ ಎಂಬ ಮಾತ್ರೆ ಆ ಹಾರ್ಮೋನು ಕ್ಯಾನ್ಸರ್ ಕಣಕ್ಕೆ ಅಂಟದಂತೆ ತಡೆಯುತ್ತದೆ. ಮುಟ್ಟು ನಿಂತವರಿಗೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸಿಮೆಸ್ಟೇನ್ ಹಾರ್ಮೋನು ತಯಾರಾಗುವುದನ್ನೇ ತಗ್ಗಿಸುತ್ತವೆ. ಮೈಯ ಬಿಸಿಯನ್ನು ಹಿಡಿತದಲ್ಲಿ ಇಡುವ ಜಾಗ ಮೆದುಳಿನಲ್ಲಿದೆ. ಈಸ್ಟ್ರೋಜೆನ್ ಕೈಕೊಟ್ಟಾಗ ಅದು ಚುರುಕಾಗಿಬಿಡುತ್ತದೆ. ಮೈ ಒಂದು ಚೂರು ಬಿಸಿಯಾದರೂ ಸಾಕು, ‘ತಣ್ಣಗೆ ಮಾಡು’ ಎಂದು ರಕ್ತನಾಳ ಹಿಗ್ಗಿಸಿ ಬೆವರು ಸುರಿಸುತ್ತದೆ. ಆ ಬೆವರು ಆರುವಾಗ ಮೈ ಬೇಕಾದ್ದಕ್ಕಿಂತ ತಣ್ಣಗಾಗುತ್ತದೆ. ಚಳಿ ಹುಟ್ಟುವುದು ಅದರಿಂದ. ಹಲವರಿಗೆ ಮೊದಲ ಕೆಲವು ತಿಂಗಳು ಜಾಸ್ತಿ ಇದ್ದು, ಆಮೇಲೆ ತಗ್ಗುತ್ತದೆ.

ಮೊದಲು ಒಂದು ನೋಟ್‌ಬುಕ್

ಎರಡು ವಾರ ಬರೆದಿಡಿ. ಎಷ್ಟು ಹೊತ್ತಿಗೆ ಬಂತು, ಅದಕ್ಕೆ ಮುಂಚೆ ಏನು ತಿಂದಿರಿ, ಎಲ್ಲಿದ್ದಿರಿ, ರಾತ್ರಿ ಎಷ್ಟು ಸಲ ಎದ್ದಿರಿ. ಮಕ್ಕಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆ ಸಾಕು. ಬಿಸಿ ಕಾಫಿ, ಖಾರ, ಒಲೆಯ ಝಳ, ಬಿಗಿ ಬಟ್ಟೆ, ಮನಸ್ಸಿನ ಗಾಬರಿ ಇವೇ ಹೆಚ್ಚಾಗಿ ಕಾರಣ. ಆದರೆ ಎಲ್ಲರಿಗೂ ಎಲ್ಲವೂ ಅಲ್ಲ. ಬರೆದು ನೋಡದೆ ಇಷ್ಟದ ಊಟವನ್ನೆಲ್ಲ ಬಿಟ್ಟು ಕೂರುವುದು ಬೇಡ.

ಅಡುಗೆ, ಊಟ

ಬಿಸಿ ಮುದ್ದೆ, ಅದಕ್ಕೆ ಹಸಿಮೆಣಸಿನಕಾಯಿ ಖಾರದ ಉಪ್ಪೆಸರು. ನಮ್ಮ ಕಡೆಯ ಈ ಊಟದಲ್ಲಿ ಬಿಸಿ, ಖಾರ ಎರಡೂ ಒಟ್ಟಿಗೆ ಸಿಗುತ್ತವೆ. ಆರಿದ ಮುದ್ದೆ ಯಾರಿಗೂ ಬೇಡ, ಒಪ್ಪುತ್ತೇನೆ. ಹಾಗಾಗಿ ಖಾರ ಇಳಿಸಿ, ಸಾರನ್ನು ಸ್ವಲ್ಪ ಆರಿಸಿ. ರಾತ್ರಿ ಊಟಕ್ಕೆ ಅಂಬಲಿ, ಮಜ್ಜಿಗೆ ಅನ್ನ ಒಳ್ಳೆಯದು. ಕಾಫಿ, ಟೀ ಕುದಿಯುತ್ತಿರುವಾಗಲೇ ಕುಡಿಯದೆ ಆರಿಸಿ ಕುಡಿದು ನೋಡಿ. ಒಲೆ ಕೆಲಸ ಬೆಳಗಿನ ತಂಪಿನಲ್ಲಿ ಮುಗಿದರೆ ಅರ್ಧ ದಿನ ಸಲೀಸು.

ರಾತ್ರಿಯದೇ ದೊಡ್ಡ ಕಷ್ಟ

ಇದಕ್ಕೆ ಜಾಸ್ತಿ ಗಮನ ಕೊಡಿ. ನಿದ್ದೆ ಕೆಟ್ಟರೆ ಮಾರನೇ ದಿನದ ಪ್ರತಿ ಫ್ಲಶ್ಶೂ ದೊಡ್ಡದಾಗಿ ಕಾಣುತ್ತದೆ.

ಪಾಲಿಯೆಸ್ಟರ್ ನೈಟಿ ಪಕ್ಕಕ್ಕಿಡಿ, ಹಳೇ ಹತ್ತಿಯದು ಹಾಕಿ. ಫೋಮ್ ಹಾಸಿಗೆ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಅದರ ಮೇಲೆ ದಪ್ಪ ಹತ್ತಿ ಬಟ್ಟೆ ಹಾಸಿ, ಇಲ್ಲವೇ ಚಾಪೆಗೆ ಇಳಿಯಿರಿ. ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಹೊದಿಕೆ ಮೇಲು. ಬಿಸಿ ಬಂದಾಗ ಒಂದನ್ನು ಕಿತ್ತು, ಚಳಿ ಬಂದಾಗ ಎಳೆದುಕೊಳ್ಳಬಹುದು. ತಲೆದಿಂಬಿನ ಪಕ್ಕ ಒಂದು ಟವೆಲ್, ಬದಲಿ ನೈಟಿ, ನೀರಿನ ಲೋಟ ಇರಲಿ. ಒದ್ದೆ ಬಟ್ಟೆಯಲ್ಲೇ ಮಲಗಿದರೆ ನಡುಕ ಹೆಚ್ಚುತ್ತದೆ. ಶೀಟ್ ಮನೆಯಾದರೆ ಏಪ್ರಿಲ್, ಮೇ ತಿಂಗಳಲ್ಲಿ ಒಂದು ಚಾರ್ಜಿಂಗ್ ಫ್ಯಾನ್ ತೆಗೆದಿಡುವುದು ಲೇಸು. ಕರೆಂಟ್ ಹೋಗುವುದು ಯಾವಾಗಲೂ ಅದೇ ಹೊತ್ತಿಗೆ, ಅಲ್ವಾ?

ಡಿಸೆಂಬರಿನಲ್ಲಿ ಜಗಳ ಬೇರೆ ಥರ. ನಂದಿ ಬೆಟ್ಟದ ಕಡೆಯಿಂದ ಕೊರೆಯುವ ಗಾಳಿ ಬೀಸುವಾಗ ನೀವು ಫ್ಯಾನ್ ಹಾಕುತ್ತೀರಿ, ಮನೆಯವರು ಆಫ್ ಮಾಡುತ್ತಾರೆ. ನಿಮ್ಮ ಕಡೆಗೆ ಮಾತ್ರ ತಿರುಗಿಸಿದ ಸಣ್ಣ ಟೇಬಲ್ ಫ್ಯಾನ್ ಇದನ್ನು ಬಗೆಹರಿಸುತ್ತದೆ. ಕಾರಣವನ್ನು ಒಂದು ಸಲ ಮನೆಯವರಿಗೆ ಬಿಡಿಸಿ ಹೇಳಿ. ಅತ್ತೆಗೂ ಹೇಳಿ.

ಕೆಲಸದ ಜಾಗದಲ್ಲಿ

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯುವ ಬಾಣಲೆ ಮುಂದೆ ಕೂರುವವರಿಗೆ ದಿನವಿಡೀ ಹಬೆ. ಸಾಧ್ಯವಾದರೆ ಬಾಗಿಲ ಬಳಿಯ ಜಾಗ ಕೇಳಿ, ಇಲ್ಲವೇ ಗೂಡು ವಿಂಗಡಿಸುವ ಕೆಲಸಕ್ಕೆ ಬದಲಿಸಿಕೊಳ್ಳಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಆಪರೇಷನ್‌ನಲ್ಲಿ ಕಂಕುಳ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ಕೈ ಬಾತುಕೊಳ್ಳುವ ಅಪಾಯ ಇರುತ್ತದೆ. ಸುಟ್ಟ ಗಾಯ, ಜಾಸ್ತಿ ಬಿಸಿ ಎರಡೂ ಆ ಕೈಗೆ ಒಳ್ಳೆಯದಲ್ಲ. ಬಿಸಿನೀರಲ್ಲಿ ಎಳೆ ಹುಡುಕುವುದು ಆ ಕೈಯಿಂದಂತೂ ಬೇಡ.

ಟೊಮೆಟೊ ಬಿಡಿಸಲು ಹೋಗುವವರು ಮಧ್ಯಾಹ್ನದ ಬಿಸಿಲು ತಪ್ಪಿಸಿ, ನೀರು ಹತ್ತಿರ ಇಟ್ಟುಕೊಳ್ಳಿ.

ಸ್ತನ ತೆಗೆದ ಜಾಗಕ್ಕೆ ಬ್ರಾದೊಳಗೆ ಸಿಲಿಕೋನ್ ಪ್ಯಾಡ್ ಇಡುವವರಿಗೆ ಅದರ ಅಡಿಯಲ್ಲೇ ಬೆವರು ಜಾಸ್ತಿ. ಹತ್ತಿ ಕವರ್ ಹಾಕಿ. ಮನೆಗೆ ಬಂದ ಮೇಲೆ ತೆಗೆದಿಟ್ಟು, ತೊಳೆದು ಒಣಗಿಸಿ. ಮನೆಯೊಳಗೆ ಹತ್ತಿ ತುಂಬಿದ ಹಗುರ ಪ್ಯಾಡ್ ಸಾಕು.

ಬಿಸಿ ಏರಿದ ಆ ಕ್ಷಣ

ಮೇಲಿನ ಶಾಲು, ಸ್ವೆಟರ್ ತೆಗೆಯಿರಿ. ತಣ್ಣೀರು ಗುಟುಕರಿಸಿ. ಕತ್ತು, ಮಣಿಕಟ್ಟಿಗೆ ಒದ್ದೆ ಕರ್ಚೀಫ್ ಒತ್ತಿ. ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರು ಎಳೆದು, ಇನ್ನೂ ನಿಧಾನವಾಗಿ ಬಿಡಿ. ಉಸಿರಾಟದಿಂದ ಫ್ಲಶ್‌ಗಳ ಲೆಕ್ಕ ಕಡಿಮೆಯಾಗದಿರಬಹುದು, ಗಾಬರಿ ಇಳಿಯುತ್ತದೆ. ಅದೇ ದೊಡ್ಡ ಲಾಭ. ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬ ಯೋಚನೆಯನ್ನು ಬದಲಿಸುವ ಆಪ್ತ ಸಮಾಲೋಚನೆಯಿಂದ ಸ್ತನ ಕ್ಯಾನ್ಸರ್ ಆದವರಿಗೆ ಈ ಕಾಟ ಹಗುರವಾಗುತ್ತದೆ ಎಂದು 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ.

ಇಷ್ಟಾದರೂ ತಡೆಯಲಾಗದಿದ್ದರೆ

ಮುಂದಿನ ಚೆಕಪ್‌ಗೆ ಕಿದ್ವಾಯಿಗೋ ಬೇರೆ ಆಸ್ಪತ್ರೆಗೋ ಹೋದಾಗ ಆ ನೋಟ್‌ಬುಕ್ ತೆರೆದು ತೋರಿಸಿ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು, ಕ್ಯೂನಲ್ಲಿ ನಿಂತು, ಕೊನೆಗೆ ಡಾಕ್ಟರು ಕೇಳಿದಾಗ ‘ಚೆನ್ನಾಗಿದ್ದೀನಿ ಸಾರ್’ ಎಂದು ಬಂದುಬಿಡುವವರೇ ಜಾಸ್ತಿ. ಹಾಗೆ ಮಾಡಬೇಡಿ. ಮಾತ್ರೆ ತೆಗೆದುಕೊಳ್ಳುವ ಹೊತ್ತು ಬದಲಿಸುವುದು, ಬೇರೆ ಮಾತ್ರೆಗೆ ಹೋಗುವುದು, ಇವೆಲ್ಲ ಅವರ ಕೈಯಲ್ಲಿವೆ. ಟಮಾಕ್ಸಿಫೆನ್ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ. ಇಷ್ಟು ದೂರದ ದಾರಿಯನ್ನು ಹಲ್ಲು ಕಚ್ಚಿಕೊಂಡು ಸಾಗಬೇಕಿಲ್ಲ.

ಫ್ಲಶ್ ತಗ್ಗಿಸುವ ಔಷಧಿಗಳೂ ಇವೆ. ವೆನ್ಲಾಫ್ಯಾಕ್ಸಿನ್ ಮೂಲತಃ ಖಿನ್ನತೆಯ ಮಾತ್ರೆ. ಇಲ್ಲಿ ಕೊಡುವುದು ಬಿಸಿ ತಗ್ಗಿಸಲು, ಗಾಬರಿ ಬೇಡ. ತಟ್ಟನೆ ನಿಲ್ಲಿಸುವಂತಿಲ್ಲ. ಗ್ಯಾಬಪೆಂಟಿನ್ ನಿದ್ದೆ ತರಿಸುವುದರಿಂದ ರಾತ್ರಿ ಬೆವರುವವರಿಗೆ ಹೊಂದುತ್ತದೆ. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಕೂಡ ಕೆಲಸ ಮಾಡುತ್ತದೆ. ಆದರೆ ಅದು ಬೆವರುವುದನ್ನೇ ಕಡಿಮೆ ಮಾಡುತ್ತದೆ. ಬಿಸಿಲಲ್ಲಿ, ಬಾಣಲೆ ಮುಂದೆ ದುಡಿಯುವವರಿಗೆ ಮೈ ಕಾದು ಅಪಾಯ ಆಗಬಹುದು. ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಹೇಳಿ.

ಟಮಾಕ್ಸಿಫೆನ್ ನುಂಗುವವರು ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್ ತೆಗೆದುಕೊಳ್ಳದಿರುವುದು ಒಳ್ಳೆಯದು. ಟಮಾಕ್ಸಿಫೆನ್ ಲಿವರಿನಲ್ಲಿ ಬದಲಾದ ಮೇಲೆಯೇ ಪೂರ್ತಿ ಕೆಲಸ ಮಾಡುವುದು. ಆ ಬದಲಾವಣೆಗೆ ಇವು ಅಡ್ಡ ಬರುತ್ತವೆ. ಬೇರೆ ಡಾಕ್ಟರು ಮೊದಲೇ ಬರೆದುಕೊಟ್ಟಿದ್ದರೆ ನೀವೇ ನಿಲ್ಲಿಸಬೇಡಿ, ಕ್ಯಾನ್ಸರ್ ಡಾಕ್ಟರಿಗೆ ಚೀಟಿ ತೋರಿಸಿ.

ಮುಟ್ಟು ನಿಂತವರಿಗೆ ಕೊಡುವ ಈಸ್ಟ್ರೋಜೆನ್ ಮಾತ್ರೆ ನಿಮಗಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಅದನ್ನು ಕೊಟ್ಟು ನೋಡಿದ ಸ್ವೀಡನ್ನಿನ ಹ್ಯಾಬಿಟ್ಸ್ ಅಧ್ಯಯನವನ್ನು, ರೋಗ ಮರಳುವುದು ಹೆಚ್ಚಾದ್ದರಿಂದ 2003ರಲ್ಲಿ ಅರ್ಧಕ್ಕೇ ನಿಲ್ಲಿಸಲಾಯಿತು. ‘ಹೆಂಗಸರ ಟಾನಿಕ್’, ಶತಾವರಿ ಪುಡಿ, ಸೋಯಾ ಕ್ಯಾಪ್ಸೂಲುಗಳನ್ನೂ ಕೇಳದೆ ತೆಗೆದುಕೊಳ್ಳಬೇಡಿ.

ಎಲ್ಲ ಬೆವರೂ ಮಾತ್ರೆಯದಲ್ಲ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಹಸಿವು ಒಟ್ಟಿಗೆ ಬಂದರೆ ಶುಗರ್ ಇಳಿದಿರಬಹುದು. ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ. ಪರೀಕ್ಷಿಸುವ ಮೆಷಿನ್ ಇಲ್ಲದಿದ್ದರೆ ಕಾಯದೆ ಕುಡಿಯಿರಿ. ರಾತ್ರಿ ಬೆವರಿನ ಜೊತೆ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಕ್ಷಯ ಇರಬಹುದು. ಹಾಟ್ ಫ್ಲಶ್‌ನಿಂದ ಜ್ವರ ಬರುವುದಿಲ್ಲ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ಬೇರೆ ವಿಷಯ.

ಟಮಾಕ್ಸಿಫೆನ್ ತೆಗೆದುಕೊಳ್ಳುವಾಗ ಒಂದೇ ಕಾಲು ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಚೆಕಪ್ ತಾರೀಖಿಗೆ ಕಾಯಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಹತ್ತಿರದ ಆಸ್ಪತ್ರೆಗೆ ಆಗಲೇ ಹೋಗಿ, ಮಾತ್ರೆಯ ಸ್ಟ್ರಿಪ್ ಕೈಯಲ್ಲೇ ಇರಲಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅದನ್ನೂ ತಡಮಾಡದೆ ತೋರಿಸಿ.