ಹನ್ನೆರಡು ತಂತಿಯ ಗಿಟಾರಿಲ್ಲದೆ ನಮ್ಮ ಮೊದಲ ಆಲ್ಬಮ್

ಕಿಣಿಕಿಣಿಸುವ ಗಿಟಾರಿನ, ಮಂಜು ಮುಸುಕಿದಂಥ ದನಿಯ ಪಾಪ್ ಆಲ್ಬಮ್ಮನ್ನು ಕನ್ನಡದಲ್ಲಿ, ಅದೂ ರಿಕನ್‌ಬ್ಯಾಕರ್ ಎಂಬ ಅಮೆರಿಕದ ಕಂಪನಿಯ 12 ತಂತಿಯ ಗಿಟಾರಿಲ್ಲದೆ ಮಾಡುತ್ತೇವೆಂದಾಗ ಬೆಂಗಳೂರಿನ ನಮ್ಮ ಪರಿಚಯದ ವಾದಕರಲ್ಲಿ ಒಬ್ಬರೂ ಒಪ್ಪಲಿಲ್ಲ. 1964ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕೈಗೆ ಬಂದು, ಮರುವರ್ಷ ಬರ್ಡ್ಸ್ ತಂಡದ ರೋಜರ್ ಮೆಗ್ವಿನ್ ನುಡಿಸಿದಂದಿನಿಂದ ಆ ಸದ್ದಿಗೆ ಆ ಗಿಟಾರೇ ಬೇಕೆಂಬ ನಂಬಿಕೆ ಬೇರೂರಿದೆ. ಇಲ್ಲಿಗೆ ತರಿಸಿಕೊಂಡರೆ ಅದರ ಬೆಲೆ ಲಕ್ಷಗಳಲ್ಲಿ; ನಮ್ಮ ಇಡೀ ಆಲ್ಬಮ್ಮಿನ ಬಜೆಟ್ಟೇ 60 ಸಾವಿರದ ಆಸುಪಾಸು. ಈಗ ಒಂಬತ್ತು ಹಾಡುಗಳೂ ಬಿಡುಗಡೆಯಾಗಿವೆ, ಅಂದು ಮೂಗು ಮುರಿದವರೇ ಗಿಟಾರನ್ನು ಎಲ್ಲಿಂದ ಬಾಡಿಗೆಗೆ ತಂದಿರಿ ಎಂದು ಕೇಳುತ್ತಿದ್ದಾರೆ.

ತಂದದ್ದು ಗಿಟಾರನ್ನಲ್ಲ, ತಂತಿಗಳನ್ನು. 12 ತಂತಿಯ ಗಿಟಾರಿನಲ್ಲಿ ತಂತಿಗಳು ಜೋಡಿಯಾಗಿರುತ್ತವೆ, ದಪ್ಪ ನಾಲ್ಕರ ಜೊತೆಗಿರುವ ತೆಳು ತಂತಿ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. 12 ತಂತಿಯ ಸೆಟ್ಟಿನಲ್ಲಿರುವ ತೆಳು ತಂತಿಗಳನ್ನು ಸಾಧಾರಣ ಆರು ತಂತಿಯ ಗಿಟಾರಿಗೆ ಕಟ್ಟಿ, ಇ, ಎ, ಡಿ, ಜಿ ನಾಲ್ಕನ್ನೂ ಒಂದು ಸ್ಥಾಯಿ ಮೇಲಕ್ಕೆ ಶ್ರುತಿ ಮಾಡಿದೆವು. ನ್ಯಾಶ್‌ವಿಲ್ ಟ್ಯೂನಿಂಗ್ ಬಲ್ಲವರಿಗೆ ಇದು ಹೊಸದೇನಲ್ಲ. ಅದೇ ಭಾಗವನ್ನು ಎಂದಿನ ತಂತಿಗಳ ಇನ್ನೊಂದು ಗಿಟಾರಿನಲ್ಲಿ ಮತ್ತೆ ನುಡಿಸಿ, ಒಂದು ಎಡ ಸ್ಪೀಕರಿನಲ್ಲೂ ಇನ್ನೊಂದು ಬಲದಲ್ಲೂ ಕೇಳುವಂತೆ ಪ್ಯಾನ್ ಮಾಡಿದೆವು. ತೊಂದರೆ ಕೊಟ್ಟದ್ದು 0.008 ಇಂಚಿನ ಜಿ ತಂತಿ. ಅದು ಟೇಕಿನ (ಒಂದು ಸಲದ ಧ್ವನಿಮುದ್ರಣದ) ನಡುವೆಯೇ ಪಟ್ಟೆಂದು ಕಡಿಯುತ್ತಿತ್ತು. ಒಂದು ಸೆಟ್ಟಿಗೆ ಸುಮಾರು 900 ರೂಪಾಯಿ, ಮೊದಲ ತಿಂಗಳು ತಂತಿಗೇ ಏಳೆಂಟು ಸಾವಿರ ಹೋಯಿತು. ಕೊನೆಗೆ ಇಡೀ ಗಿಟಾರನ್ನು ಒಂದು ಪೂರ್ಣ ಸ್ವರ ಇಳಿಸಿ, ಎರಡನೆಯ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿದ ಮೇಲೆ ಬಿಗಿತ ತಗ್ಗಿ ಕಡಿಯುವುದು ಹೆಚ್ಚುಕಡಿಮೆ ನಿಂತಿತು.

ಒಂದೇ ಟೇಕನ್ನು ನಕಲು ಮಾಡಿ ತುಸು ಸರಿಸಿದರೆ ಸಾಕೆಂದು ಸಲಹೆ ಕೊಟ್ಟವರಿದ್ದರು. ಮಾಡಿ ನೋಡಿದೆವು, ಡಬ್ಬದೊಳಗೆ ನುಡಿಸಿದಂತೆ ಕೇಳಿತು. ಮ್ಯಾಂಡೊಲಿನ್ನಿನಲ್ಲಿ ಮೇಲಿನ ಸ್ಥಾಯಿ ತುಂಬುವ ಪ್ರಯತ್ನವೂ ಆಯಿತು, ಆದರೆ ಅದು ಹಳೆಯ ಚಿತ್ರಗೀತೆಯ ನಡುವಣ ಬಿಜಿಎಂ ಆಗಿಬಿಟ್ಟಿತು, ಕೇಳಲು ಚೆನ್ನಾಗಿಯೇ ಇತ್ತು ಎನ್ನಿ. ಒಂದು ಗಿಟಾರನ್ನು ಹಲವರು ನುಡಿಸಿದಂತೆ ಕೇಳಿಸುವ ಸ್ಟೀರಿಯೊ ಕೋರಸ್ ಪೆಡಲ್ ಹೆಡ್‌ಫೋನಿನಲ್ಲಿ ಸ್ವರ್ಗ. ಫೋನಿನ ಒಂಟಿ ಸ್ಪೀಕರಿನಲ್ಲಿ ಎಡಬಲ ಸೇರಿದೊಡನೆ ಆ ಅಲೆಯೆಲ್ಲ ಒಂದನ್ನೊಂದು ಅಳಿಸಿ ಮಾಯ. ಆದ್ದರಿಂದ ಕೋರಸ್ಸನ್ನು ಮಾನೊದಲ್ಲಿ, ಅಂದರೆ ಎಡಬಲವೆಂದು ಒಡೆಯದೆ, ಎಡಗಡೆಗೆ ಮಾತ್ರ ಇಟ್ಟೆವು. ಅದಕ್ಕೂ ಮುಂಚೆ ಸದ್ದಿನ ಏರಿಳಿತ ತಗ್ಗಿಸುವ ಎರಡು ಕಂಪ್ರೆಸರ್ ಒಂದರ ಹಿಂದೊಂದು ಇವೆ. ಅವುಗಳ ಅಟ್ಯಾಕ್, ರಿಲೀಸ್ (ಎಷ್ಟು ಬೇಗ ಸದ್ದನ್ನು ಹಿಡಿಯುತ್ತವೆ, ಬಿಡುತ್ತವೆ) ಎಷ್ಟೆಂಬುದು ತಂಡದ ಗುಟ್ಟು.

ನಿಜವಾಗಿ ಬೆವರಿಳಿಸಿದ್ದು ಹಾಡುಗಾರಿಕೆ. ಈ ಬಗೆಯ ಸಂಗೀತದಲ್ಲಿ ದನಿಗೆ ಉದ್ದನೆಯ ರಿವರ್ಬ್ (ದೊಡ್ಡ ಕೋಣೆಯಂಥ ಅನುರಣನ) ಇರಲೇಬೇಕು. ಆದರೆ ಕನ್ನಡದ ಮಾತುಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಒಂದರ ಬಾಲ ಮುಂದಿನದರ ತಲೆಯ ಮೇಲೆ ಬೀಳುತ್ತದೆ. ಒತ್ತಕ್ಷರದಲ್ಲಿ ಉಸಿರು ಕಟ್ಟಿ ನಿಲ್ಲುವ ಚಿಕ್ಕ ಮೌನವನ್ನೂ ರಿವರ್ಬ್ ತುಂಬಿಬಿಡುತ್ತದೆ: ‘ಕತ್ತಲು’ ಎಂದು ಹಾಡಿದರೆ ‘ಕತಲು’ ಎಂದು ಕೇಳುತ್ತಿತ್ತು. ರಿವರ್ಬಿಗೆ ಹೋಗುವ ದನಿಯಲ್ಲಿ 600 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 80 ಮಿಲಿಸೆಕೆಂಡಿನಷ್ಟು ಪ್ರಿಡಿಲೇ (ರಿವರ್ಬ್ ಶುರುವಾಗುವ ಮುನ್ನದ ಬಿಡುವು) ಕೊಟ್ಟು, ನೇರ ದನಿ ಬಂದಾಗಲೆಲ್ಲ ರಿವರ್ಬ್ ತಾನಾಗಿ ತಗ್ಗುವಂತೆ ಮಾಡಿದ ಮೇಲೆ ‘ತ್ತ’ ಮರಳಿ ಬಂತು. ಒಂದು ಹಾಡಿಗೆ ಮಾತ್ರ ರಿವರ್ಬ್ ಕೊಡುವ ಸಾಫ್ಟ್‌ವೇರ್ ಪ್ಲಗಿನ್ ಬಿಟ್ಟು, ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಸ್ಪೀಕರ್, ಎರಡು ಮಹಡಿ ಮೇಲೆ ಮೈಕ್ ಇಟ್ಟು ಪ್ರತಿಧ್ವನಿ ಹಿಡಿದೆವು. ಅದರಲ್ಲಿ ಯಾರದೋ ಮನೆಯ ಕುಕ್ಕರ್ ಸೀಟಿ ಸೇರಿದೆ, ಶ್ರುತಿಗೆ ಹೊಂದಿದ್ದರಿಂದ ತೆಗೆಯಲಿಲ್ಲ.

ಖರ್ಚಿನ ಲೆಕ್ಕ ನೆನಪಿನಿಂದಲೇ ಹೇಳುತ್ತೇನೆ. ಸೆಕೆಂಡ್‌ಹ್ಯಾಂಡ್ ಇಂಟರ್‌ಫೇಸ್ (ಗಿಟಾರು, ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಹಾಗೂ ಮೈಕಿಗೆ 18 ಸಾವಿರ, ಡ್ರಮ್ಸ್‌ಗಾಗಿ ಎರಡು ದಿನದ ಸ್ಟುಡಿಯೊ ಬಾಡಿಗೆ 14 ಸಾವಿರದಷ್ಟು, ಬಿಡುಗಡೆಗೆ ಮುನ್ನ ಕೊನೆಯ ಹದ ಕೊಡುವ ಮಾಸ್ಟರಿಂಗಿಗೆ ಹಾಡೊಂದಕ್ಕೆ ಎರಡು ಸಾವಿರ, ಉಳಿದದ್ದು ತಂತಿಗೆ ಮತ್ತು ಅರ್ಥಿಂಗ್ ಸರಿಪಡಿಸಿದ ಎಲೆಕ್ಟ್ರಿಷಿಯನ್‌ಗೆ. ಅರ್ಥಿಂಗಿಲ್ಲದ ಬಾಡಿಗೆ ಮನೆಯಲ್ಲಿ ಸಿಂಗಲ್ ಕಾಯಿಲ್ (ತಂತಿಯ ಕಂಪನ ಹಿಡಿಯಲು ಒಂಟಿ ಸುರುಳಿಯಿರುವ) ಗಿಟಾರಿನ ಗುಂಯ್‌ಗುಡುವಿಕೆಯನ್ನು ಯಾವ ಪ್ಲಗಿನ್ನಿನಿಂದಲೂ ಪೂರ್ತಿ ತೆಗೆಯಲಾಗದು. ಸ್ಟ್ರೀಮಿಂಗಿನಿಂದ ಬಂದ ಹಣ ತಂತಿಯ ಖರ್ಚಿಗೂ ಸಾಲದು. ಕಾರ್ಯಕ್ರಮಗಳಿಂದ ಅರ್ಧದಷ್ಟು ಮರಳಿದೆ. ವೇದಿಕೆಯಲ್ಲಿ ತೆಳು ತಂತಿಯ ಗಿಟಾರನ್ನು ಬಾಸ್ ವಾದಕನ ತಂಗಿ ನುಡಿಸುತ್ತಾಳೆ, ಜಿ ತಂತಿ ಕಡಿದರೆ ಎತ್ತಿಕೊಳ್ಳಲು ಅಂಥದೇ ಇನ್ನೊಂದು ಗಿಟಾರು ಪಕ್ಕದಲ್ಲಿ ಸಿದ್ಧವಿರುತ್ತದೆ.