ಬಜ್ಪೆಗೆ ಗೇರ್ ಬೇಗ ಇಳಿಸಿ: ನನ್ನ ಅನುಭವ

ಬೆಂಗಳೂರಿನಿಂದ ಹೊರಟು ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ 24ಕ್ಕೆ (ಪೂರ್ವದ ಕಡೆಯಿಂದ ಬಂದು ಇಳಿಯುವ ದಿಕ್ಕು) ಬೋಯಿಂಗ್ 737-800 ಇಳಿಸುವ ಕಥೆ ಇದು, ಅದೂ ಕಂಪ್ಯೂಟರಿನಲ್ಲಿ. ಎಕ್ಸ್-ಪ್ಲೇನ್ ಎಂಬ ಹಾರಾಟದ ಸಿಮ್ಯುಲೇಟರ್, ಅದರಲ್ಲಿ ಝೀಬೊ ಎಂಬ 737 ಮಾದರಿ, ಕೈಯಲ್ಲಿ ಅಗ್ಗದ ಜಾಯ್‌ಸ್ಟಿಕ್. ಸಾವಿರ ಅಡಿಯಲ್ಲೇ ಆಟೋಪೈಲಟ್, ಆಟೋಥ್ರಾಟಲ್ (ಎಂಜಿನ್ ಬಲ ತಾನೇ ನೋಡಿಕೊಳ್ಳುವುದು) ಎರಡೂ ಬಿಟ್ಟು ಕೈಯಾರೆ ಇಳಿಸಬಹುದು ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ನಂಬಲಿಲ್ಲ. "ಎಂತ ಮಾರಾಯ, ಇನ್ನೂರು ಅಡಿವರೆಗೆ ಅದೇ ಹಾರಿಸಲಿ, ಮತ್ತೆ ನೀನು ಮುಟ್ಟು" ಎಂದು ಮಂಗಳೂರಿನ ಗೆಳೆಯನೇ ನಕ್ಕ. ಈಗ ಅವನೂ ನನ್ನ ಹಾಗೇ ಇಳಿಸುತ್ತಾನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ತೊಂದರೆ ಶುರುವಾಗೋದು ಇಪ್ಪತ್ತು ಮೈಲಿ ಹಿಂದೆ. ಪೂರ್ವದಿಂದ ಬರುವವರಿಗೆ ಘಟ್ಟ ಅಡ್ಡ. ಕುದುರೆಮುಖ ಶಿಖರ ಸುಮಾರು 6,200 ಅಡಿ. ಬಜ್ಪೆಯಿಂದ ಇಪ್ಪತ್ತು ಚಿಲ್ಲರೆ ನಾಟಿಕಲ್ ಮೈಲಿ ದೂರ, ಅದೂ ಹೆಚ್ಚುಕಮ್ಮಿ 24ರ ನೇರಕ್ಕೇ. ಅದನ್ನು ದಾಟುವವರೆಗೆ 8,000ಕ್ಕಿಂತ ಕೆಳಗೆ ಬರಲು ನನಗೆ ಧೈರ್ಯವಿಲ್ಲ. ನಿಲ್ದಾಣದ ಎತ್ತರ 340 ಅಡಿ ಹಿಡಿಯಿರಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಬಂದರೆ ಮೈಲಿಗೆ 320 ಅಡಿ ಇಳಿಯಬೇಕು. ಇಪ್ಪತ್ತು ಮೈಲಿಯಲ್ಲಿ 6,700ರಲ್ಲಿ ಇರಬೇಕಾದವರು 8,000ದಲ್ಲಿ ಇರುತ್ತೇವೆ. ವೇಗ ಬೇರೆ 250 ನಾಟ್. ಈ ವಿಮಾನ ಕೆಳಗೆ ಹೋಗು ಅಂದರೆ ಹೋಗುತ್ತದೆ, ನಿಧಾನ ಆಗು ಅಂದರೆ ಆಗುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಮಾತ್ರ ಹಟ ಹಿಡಿಯುತ್ತದೆ.

ಮೊದಲು ವಿ-ನ್ಯಾವ್ (ಇಳಿಯುವ ದಾರಿಯನ್ನು ಕಂಪ್ಯೂಟರೇ ಲೆಕ್ಕ ಹಾಕುವ ವ್ಯವಸ್ಥೆ) ಮೇಲೆ ಭಾರ ಹಾಕಿ ನೋಡಿದೆ. ಘಟ್ಟ ದಾಟುತ್ತಿದ್ದ ಹಾಗೇ 'ಡ್ರ್ಯಾಗ್ ರಿಕ್ವೈರ್ಡ್' (ಇನ್ನೂ ತಡೆ ಬೇಕು) ಅಂತ ಬರೆದು ಸುಮ್ಮನಾಗುತ್ತಿತ್ತು. ವೇಗ ಹಿಡಿದು ಎತ್ತರ ಬದಲಿಸುವ ಲೆವೆಲ್ ಚೇಂಜ್ ಹಾಕಿದರೆ ವೇಗ ಹಾಗೇ ಉಳಿಯುತ್ತಿತ್ತು, ವಿಮಾನ ಬೇಕಾದಷ್ಟು ಇಳಿಯುತ್ತಿರಲಿಲ್ಲ. ಸ್ಪೀಡ್‌ಬ್ರೇಕ್ (ರೆಕ್ಕೆಯ ಮೇಲೆ ಏಳುವ ತಡೆ ಹಲಗೆ) ಎಳೆದು ಫ್ಲ್ಯಾಪ್‌ಗೆ (ನಿಧಾನ ವೇಗದಲ್ಲೂ ಹಾರಲು ರೆಕ್ಕೆಯಿಂದ ಚಾಚುವ ಹಲಗೆ) ಕಾದರೆ ಗ್ಲೈಡ್‌ಸ್ಲೋಪ್, ಅಂದರೆ ರನ್‌ವೇಗೆ ಇಳಿಯುವ ರೇಡಿಯೋ ದಾರಿ, ಯಾವಾಗಲೂ ನನ್ನ ಕೆಳಗೇ. ಅದನ್ನು ಮೇಲಿನಿಂದ ಅಟ್ಟಿಸಿಕೊಂಡು ಹೋಗಿ 1,500 ಅಡಿಯಲ್ಲಿ 180 ವೇಗ. ಎರಡು ತಿಂಗಳಿಗೂ ಜಾಸ್ತಿ ಇದೇ ಹಾಡು. ರನ್‌ವೇ ಅರ್ಧ ಮುಗಿದ ಮೇಲೆ ಚಕ್ರ ತಾಗುತ್ತಿತ್ತು. ಇದು ಟೇಬಲ್‌ಟಾಪ್, ಅಂದರೆ ಗುಡ್ಡದ ತಲೆ ಮೇಲಿನ ರನ್‌ವೇ, 2,450 ಮೀಟರ್, ಕೊನೆಗೆ ಕಣಿವೆ. 2010ರ ಮೇ 22ರಂದು ಇದೇ 24ರಲ್ಲಿ, ಇದೇ ಮಾದರಿಯ ವಿಮಾನ ಎತ್ತರದಿಂದ ಬಂದು ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತ್ತು. 158 ಜನ ಹೋದರು. ಕೋ-ಪೈಲಟ್ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರೋಣ) ಎಂದು ಮತ್ತೆ ಮತ್ತೆ ಹೇಳಿದ್ದರು. ಅದನ್ನು ಓದಿದ ಮೇಲೆ ಮೇಲಿನಿಂದ ಅಟ್ಟುವ ಆಟ ಬಿಟ್ಟೆ. ಆಟವೇ ಆದರೂ ಬಿಟ್ಟೆ.

ಈಗ ನಾನು ಮಾಡೋದು ಇಷ್ಟು. ಶಿಖರ ದಾಟಿದ ಕೂಡಲೇ, ಇಪ್ಪತ್ತು ಮೈಲಿಯಲ್ಲಿ, 240ರ ಆಸುಪಾಸಿನಲ್ಲಿ ಗೇರ್, ಅಂದರೆ ಚಕ್ರ, ಇಳಿಸುತ್ತೇನೆ. ಗೇರ್ ಇಳಿಸಲು ಮಿತಿ 270, ಹಾಗಾಗಿ ಹೆದರಬೇಕಿಲ್ಲ. ಫ್ಲ್ಯಾಪ್ ಆಮೇಲೆ. ಗೇರ್‌ನಷ್ಟು ಒಳ್ಳೆಯ ಬ್ರೇಕ್ ಆ ವಿಮಾನದಲ್ಲಿ ಇನ್ನೊಂದಿಲ್ಲ. ವರ್ಟಿಕಲ್ ಸ್ಪೀಡ್ (ಇಳಿಯುವ ದರ) ನಿಮಿಷಕ್ಕೆ 1,600 ಅಡಿ ಇಟ್ಟು, ವೇಗ ಇಳಿದಂತೆ ಫ್ಲ್ಯಾಪ್ 1, 5 ಹಾಕುತ್ತಾ ಬಂದರೆ ಒಂಬತ್ತು ಮೈಲಿಯಲ್ಲಿ 3,000 ಅಡಿ ಸಿಗುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನೇರ ಹಾರಾಟ. ಎಂಟೂವರೆ ಮೈಲಿಯಲ್ಲಿ ಗ್ಲೈಡ್‌ಸ್ಲೋಪ್ ತಾನಾಗಿ ಮೇಲಿನಿಂದ ಇಳಿದು ಬಂದು ಸಿಕ್ಕಿಕೊಳ್ಳುತ್ತದೆ. ಫ್ಲ್ಯಾಪ್ 15, ಆಮೇಲೆ 30. 2,000 ಅಡಿ ಬರುವಷ್ಟರಲ್ಲಿ ಎಲ್ಲ ಮುಗಿದು, ಕೈ ಕಟ್ಟಿ ಕೂತಿರುತ್ತೇನೆ. "ಇಪ್ಪತ್ತು ಮೈಲಿಯಿಂದ ಗೇರ್ ಬಿಟ್ಟುಕೊಂಡು ಬರ್ತಾನೆ, ಇಂಧನ ಸುಡ್ತಾನೆ" ಅಂತ ಗೇಲಿ ಮಾಡಿದರು. ನನ್ನ ಕೋಣೆಯಲ್ಲಿ ಇಂಧನಕ್ಕೆ ಬಿಲ್ ಬರಲ್ಲ, ಬಿಡಿ.

ಸಾವಿರ ಅಡಿಯಲ್ಲಿ ಎರಡೂ ಆಫ್. ಒಂದನ್ನೇ ಬಿಡಬೇಡಿ, ಆಟೋಥ್ರಾಟಲ್ ಉಳಿದರೆ ನೀವು ಮೂಗು ಎತ್ತಿದಾಗಲೆಲ್ಲ ಅದು ಎಂಜಿನ್ ಕುಣಿಸುತ್ತದೆ. 60 ಟನ್ ತೂಕಕ್ಕೆ, ಫ್ಲ್ಯಾಪ್ 30ಕ್ಕೆ, ಮೂಗು ಎರಡೂವರೆ ಡಿಗ್ರಿ ಮೇಲೆ, ಎನ್1 (ಎಂಜಿನ್ ಫ್ಯಾನ್ ವೇಗ, ಶೇಕಡಾದಲ್ಲಿ) 54-55. ಇವೆರಡನ್ನು ಇಟ್ಟರೆ ವಿಮಾನ ತಾನೇ ಬರುತ್ತದೆ. ಇಳಿಯುವ ದರಕ್ಕೆ ನೆಲವೇಗದ ಐದು ಪಟ್ಟು: 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ. ಹೀಗೆ ನೆಲ ಮುಟ್ಟುವವರೆಗೆ ಒಂದೂವರೆ ನಿಮಿಷದ ಹತ್ತಿರ ಸಿಗುತ್ತದೆ, ಕೈಗೆ ವಿಮಾನದ ಗುಣ ತಿಳಿಯಲು ಅಷ್ಟು ಬೇಕು. 200ರಲ್ಲಿ ಬಿಟ್ಟರೆ ಹದಿನೈದು ಚಿಲ್ಲರೆ ಸೆಕೆಂಡಿನಲ್ಲಿ ಅಡ್ಡಗಾಳಿ, ಟ್ರಿಮ್ (ಮೂಗನ್ನು ಒಂದೇ ಕೋನದಲ್ಲಿ ನಿಲ್ಲಿಸುವ ಹೊಂದಾಣಿಕೆ), ಮೂಗು ಎಲ್ಲವನ್ನೂ ಒಮ್ಮೆಗೇ ಸಂಭಾಳಿಸಬೇಕು. ಮಳೆಗಾಲದ ಗಾಳಿ, 280 ಡಿಗ್ರಿಯಿಂದ 20 ನಾಟ್ ಹಾಕಿ ನೋಡಿ. ಅಡ್ಡಕ್ಕೆ 13 ಬರುತ್ತದೆ. ನಾನು ಈಗ ಅದರಲ್ಲೂ ಮೊದಲ 2,000 ಅಡಿಯೊಳಗೇ ಇಳಿಸುತ್ತೇನೆ, ನಿಮಿಷಕ್ಕೆ 200 ಅಡಿಯ ಒಳಗೆ. ಫ್ಲೇರ್‌ನಲ್ಲಿ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವಾಗ) ಕಣ್ಣು ಎಲ್ಲಿಡುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಮಂಗಳೂರಿನ ಗೆಳೆಯನಿಗೂ ಒಂದು ಗಡ್‌ಬಡ್ ಕೊಡಿಸಿದ ಮೇಲೇ ಹೇಳಿದ್ದು.

ದುಡ್ಡಿನ ವಿಷಯ. ಮೊದಲ ಜಾಯ್‌ಸ್ಟಿಕ್ ನಾಲ್ಕು ಸಾವಿರ ಚಿಲ್ಲರೆ. ವರ್ಷ ತುಂಬುವ ಮೊದಲೇ ಅದರ ರಡ್ಡರ್ ತಾನಾಗಿ ಎಡಕ್ಕೆ ವಾಲತೊಡಗಿತು. ಕಂಪನಿಗೆ ಬರೆದರೆ ಉತ್ತರವಿಲ್ಲ. ಎಸ್.ಪಿ. ರೋಡಿನಲ್ಲಿ ಐವತ್ತೋ ಅರವತ್ತೋ ಕೊಟ್ಟು ಪೊಟೆನ್ಶಿಯೋಮೀಟರ್ ತಂದು ಬೆಸುಗೆ ಹಾಕಿದೆ, ಇವತ್ತಿಗೂ ನಡೆಯುತ್ತಿದೆ. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹದಿನೈದು ಸಾವಿರ, ಹಳೆಯ ಪೆಡಲ್ ಎಂಟು ಸಾವಿರ, ರ‍್ಯಾಮ್, ಮಾನಿಟರ್, ಅದೂ ಇದೂ ಸೇರಿ ಎಪ್ಪತ್ತು ಸಾವಿರದ ಹತ್ತಿರ. ಝೀಬೊ ಪುಕ್ಕಟೆ, ಅದೊಂದು ಪುಣ್ಯ. "ಆ ದುಡ್ಡಲ್ಲಿ ನಿಜವಾದ ವಿಮಾನದಲ್ಲೇ ಮಂಗಳೂರಿಗೆ ಹತ್ತು ಸಲ ಹೋಗಿ ಬರಬಹುದಿತ್ತಲ್ರೀ" ಅಂತಾಳೆ ಹೆಂಡತಿ. ಲೆಕ್ಕ ಸರಿಯಾಗೇ ಇದೆ. ಪೆಡಲ್ ಇಲ್ಲದೆಯೂ ಆಗುತ್ತದೆ, ಈಗಲೂ ಅರ್ಧ ಸಲ ಸ್ಟಿಕ್ ತಿರುಚಿಯೇ ಇಳಿಸುತ್ತೇನೆ. ರಡ್ಡರ್ ಕರ್ವ್ (ಸ್ಟಿಕ್ ಎಷ್ಟು ತಿರುಚಿದರೆ ರಡ್ಡರ್ ಎಷ್ಟು ತಿರುಗಬೇಕೆಂಬ ಹೊಂದಾಣಿಕೆ) ಸರಿ ಕೂರಿಸಿಕೊಳ್ಳಿ, ಅಷ್ಟೇ. ನನ್ನ ಕರ್ವ್‌ನ ಅಂಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಚಟ ಹತ್ತಿತ್ತು, ಆಟೋಲ್ಯಾಂಡ್, ಅಂದರೆ ವಿಮಾನ ತಾನೇ ನೆಲ ಮುಟ್ಟುವುದು. ಬೆಂಗಳೂರಿನ ರನ್‌ವೇ 09ಆರ್‌ನಲ್ಲಿ, ಡಿಸೆಂಬರ್ ಮಂಜು ಹಾಕಿ, ಏನೂ ಕಾಣದ ಹಾಗೆ. ಎರಡೂ ನ್ಯಾವ್ ರೇಡಿಯೋಗೆ ಒಂದೇ ಫ್ರೀಕ್ವೆನ್ಸಿ, ಅಪ್ರೋಚ್ ಗುಂಡಿ ಒತ್ತಿದ ಮೇಲೆ ಎರಡನೇ ಕಮಾಂಡ್ ಗುಂಡಿ (ಎರಡನೇ ಆಟೋಪೈಲಟ್), 800 ಅಡಿಗೆ ಮುಂಚೆ. 1,500ರ ಕೆಳಗೆ ಫ್ಲೇರ್ ಆರ್ಮ್ (ತಾನೇ ಮೂಗೆತ್ತಲು ಸಿದ್ಧ) ಬಂತಾ ನೋಡಿ. 400ರಲ್ಲಿ ಅದು ಮೂಗು ಮೇಲಕ್ಕೆ ಟ್ರಿಮ್ ಮಾಡುತ್ತದೆ. ಅಲ್ಲಿಂದ ಕೆಳಗೆ ಆಟೋಪೈಲಟ್ ಬಿಟ್ಟರೆ ವಿಮಾನ ಜಿಗಿಯುತ್ತದೆ, ಸ್ಟಿಕ್ ಒತ್ತಿ ಹಿಡಿಯಿರಿ. ನೆಲ ಮುಟ್ಟಿದ ಮೇಲೆ ಆಟೋಪೈಲಟ್ ತೆಗೆಯೋದು ನಿಮ್ಮ ಕೆಲಸ. ಬೆಂಗಳೂರಿನಲ್ಲಿ ಚೆನ್ನಾಗಿ ಬಂತು. ಅದನ್ನೇ ಮಂಗಳೂರಿನಲ್ಲಿ ಸುಮ್ನೆ ಮಾಡಿ ನೋಡಿದೆ. ನಿಜದಲ್ಲಿ ಅಲ್ಲಿ ಹೀಗೆ ಇಳಿಸುವ ಮಾತೇ ಇಲ್ಲ. ರೇಡಿಯೋ ಆಲ್ಟಿಮೀಟರ್ ಕಣಿವೆಯ ತಳ ಅಳೆಯುತ್ತಾ ಬರುತ್ತದೆ. ಗುಡ್ಡದ ಅಂಚು ಬಂದ ತಕ್ಷಣ ಇನ್ನೂರು ಮುನ್ನೂರು ಅಡಿ ಒಂದೇ ಏಟಿಗೆ ಮಾಯ. ಎತ್ತರ ಕೂಗುವ ದನಿ ಕೂಡ ಅಂಕೆ ನುಂಗುತ್ತದೆ. ನನ್ನಲ್ಲಿ ಒಮ್ಮೆ ಮೆತ್ತಗೆ ಇಳಿಯಿತು, ಮರುದಿನ ಅದೇ ಗಾಳಿಯಲ್ಲಿ ಧಡ್ ಅಂತ ಕೂತಿತು.

ಸದ್ಯ ಫ್ಲ್ಯಾಪ್ 40 ಹಿಡಿದಿದ್ದೇನೆ. ಒದ್ದೆ ರನ್‌ವೇಗೆ ಅದೇ ವಾಸಿ. ಆದರೆ ಎನ್1 54 ಸಾಕಾಗಲ್ಲ, 60ರ ಹತ್ತಿರ ಬೇಕು. ಕೈ ಬಿಟ್ಟ ಕೂಡಲೇ ವೇಗ ಬಿದ್ದು ಹೋಗುತ್ತದೆ. ಮೂಗಿನ ಕೋನ ಎಷ್ಟು ಇಡಬೇಕು ಅನ್ನೋದು ಇನ್ನೂ ಕೂತಿಲ್ಲ, ಒಂದಕ್ಕೂ ಒಂದೂವರೆಗೂ ನಡುವೆ ಎಲ್ಲೋ ಇದೆ.