ಹೆಳವನ ಬುಕ್ಕು, ಹಳೇ ವಾರಸಾ ಎಂಟ್ರಿ: ನಮ್ಮ ಮನೆತನ ಹುಡುಕಿದ ನನ್ನ ಅನುಭವ

"ಹೆಳವ ಹೇಳೋದೆಲ್ಲ ಪೊಳ್ಳು, ಜೋಳ ಇಸ್ಕೊಳ್ಳಾಕ ಹಾಡ್ತಾನ" ಅಂತ ನಮ್ಮ ದೊಡ್ಡಪ್ಪನಿಂದ ಹಿಡಿದು ಬೆಂಗಳೂರಿನ ಕಸಿನ್‌ಗಳ ತನಕ ಎಲ್ರೂ ನಕ್ಕಿದ್ರು. ಹೆಳವ ಅಂದ್ರೆ ಊರೂರು ತಿರುಗಿ, ಮನೆತನಗಳ ವಂಶಾವಳಿ ಬುಕ್ಕಲ್ಲಿ ಬರೆದಿಟ್ಕೊಂಡು ಹಾಡಿ ಹೇಳೋನು. ಈಗ ಅವ್ರೇ ವಂಶಾವಳಿ ಪಿಡಿಎಫ್ ಕಳ್ಸೋ ಅಂತ ಮೆಸೇಜ್ ಹಾಕ್ತಿದಾರೆ, ಅದಕ್ಕೇ ಬರೀತಿದೀನಿ. ಎಂಟೊಂಬತ್ತು ತಲೆಮಾರು ಸಿಕ್ಕಿದೆ, ಕೆಳಗಿನ ಐದಕ್ಕೆ ಕಾಗದ ಇದೆ.

ನಮ್ಮೂರು ರೋಣದ ಕಡೆ. ಆ್ಯಪ್‌ನಲ್ಲಿ ಟ್ರೀ, ಹಿರಿಯರ ವಾಯ್ಸ್ ರೆಕಾರ್ಡಿಂಗ್ ಎಲ್ಲ ನೀವೂ ಮಾಡಿರ್ತೀರಿ, ಮುತ್ತಜ್ಜನ ಹತ್ರ ಬಂದು ನಿಂತಿರುತ್ತೆ. ನಮ್ದೂ ಅಲ್ಲೇ ನಿಂತಿತ್ತು. ಡಿಎನ್‌ಎ ಕಿಟ್‌ಗೂ ಎಂಟು ಸಾವಿರ ಚಿಲ್ರೆ ಹಾಕಿದೆ, ಬಂದ ಉತ್ತರ ನಾನು ದಕ್ಷಿಣ ಭಾರತದವನು ಅಂತ. ಅಷ್ಟು ಹೇಳೋಕೆ ನಮ್ಮವ್ವ ಸಾಕಿತ್ತು.

ಹೆಸ್ರು ಹಿಡ್ಕೊಂಡು ಹುಡುಕಬೇಡಿ. ನಮ್ಮಲ್ಲಿ ಅಜ್ಜನ ಹೆಸ್ರು ಮೊಮ್ಮಗನಿಗೆ, ಒಂದು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸ್ರು, ಅಡ್ಡಹೆಸ್ರು ಬೇರೆ ಬದಲಾಗಿರುತ್ತೆ. ಹೊಲ ಮಾತ್ರ ಎದ್ದು ಹೋಗಲ್ಲ. ಸರ್ವೆ ನಂಬರ್ ಹಿಡ್ದು ಈಗಿನ ಪಹಣಿಯಿಂದ ಒಂದೊಂದೇ ಮ್ಯುಟೇಶನ್ (ಹೊಲ ಒಬ್ರಿಂದ ಇನ್ನೊಬ್ರ ಹೆಸ್ರಿಗೆ ಬದಲಾದ ಎಂಟ್ರಿ, ಸತ್ತವ್ರಿಂದ ವಾರಸುದಾರರಿಗೆ ಆದ್ರೆ ಅದೇ ವಾರಸಾ) ಹಿಂದಕ್ಕೆ ಹೋಗಿ. ನಮ್ಮ ಕಡೆ ಆಗ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ ಹಕ್ಕುದಾಖಲೆ ಕಾನೂನು ಬಂದಿದ್ದು 1903ರಲ್ಲಿ, ಅಲ್ಲಿಂದೀಚೆಗಿನ ಕೈಬರಹದ ಎಂಟ್ರಿ ಅದೃಷ್ಟ ಇದ್ರೆ ಸಿಗುತ್ತೆ. ರೋಣ ಈಗಿರೋ ಗದಗ ಜಿಲ್ಲೆ ಆಗಿದ್ದೇ 1997ರಲ್ಲಿ, ಅದಕ್ಕೆ ಮುಂಚೆ ಧಾರವಾಡ ಜಿಲ್ಲೆ, ಹಾಗಾಗಿ ಧಾರವಾಡವನ್ನೂ ಬಿಡೋ ಹಾಗಿಲ್ಲ. ನಕಲು ಫೀ ಏನೂ ಅಲ್ಲ, ಕೈ ಕಚ್ಚೋದು ರಜೆ, ಬಸ್ಸು, ಲಾಡ್ಜು, ಎಲ್ಲ ಸೇರಿ ಮೂವತ್ತು ಸಾವಿರದ ಹತ್ರ ಹೋಯ್ತು. ಒಂದು ಆಫೀಸಲ್ಲಿ ಬುಕ್ಕು ಗೆದ್ದಲು ತಿಂದಿದೆ ಅಂತ ಕೈ ಎತ್ತಿದ್ರು, ಇನ್ನೊಂದು ಕಡೆ ಇಲ್ಲ ಅಂದ ಬುಕ್ಕು ಮುಂದಿನ ತಿಂಗ್ಳು ಅದೇ ಕಪಾಟಲ್ಲಿತ್ತು, ಹೇಗೆ ಸಿಕ್ತು ಅನ್ನೋದು ಇಲ್ಲಿ ಬೇಡ.

ಎಂಟ್ರಿಯಲ್ಲಿ 'ಅ.ಪಾ.ಕ.' (ಅಜ್ಞಾನ, ಅಂದ್ರೆ ಅಪ್ರಾಪ್ತ ಮಕ್ಕಳ ಪಾಲನಕರ್ತ) ಅಂತ ಇದ್ರೆ ಬಿಡಲೇಬೇಡಿ. ಮಕ್ಕಳು ಸಣ್ಣವ್ರಿದ್ದಾಗ ಪಾಲನಕರ್ತಳಾಗಿ ತಾಯಿ ಹೆಸ್ರು ಬರುತ್ತೆ, ಎಲ್ಲೂ ಇಲ್ಲದ ಹೆಣ್ಮಕ್ಕಳ ಹೆಸ್ರು ನಂಗೆ ಸಿಕ್ಕಿದ್ದು ಅಲ್ಲೇ. 1918ರ ಇನ್ಫ್ಲುಯೆಂಜಾ ಜ್ವರದ ವರ್ಷ ಒಂದೇ ಮನೆಯಲ್ಲಿ ಸಾಲಾಗಿ ವಾರಸಾ ಆಗಿದೆ. ಒಬ್ಬ ಅಣ್ಣನ ಕವಲು ಊರು ಬಿಟ್ಟು ಹೋಯ್ತು ಅಂತ ಮನೇಲಿ ಹೇಳ್ತಿದ್ರಲ್ಲ, ಹೋಗಿರ್ಲಿಲ್ಲ, ಸತ್ತಿದ್ರು.

ಇಷ್ಟು ಕೈಲಿ ಇಟ್ಕೊಂಡು ಹೆಳವನಿಗೆ ಕಾದೆ. ಸುಗ್ಗಿ ಆದ್ಮೇಲೆ ಬಂದ, ಈಗ ಎತ್ತಿನ ಮೇಲಲ್ಲ, ಬೈಕ್ ಮೇಲೆ. ಮನೆಯವರಿಗೆಲ್ಲ ಬಾಯಿ ಬಿಡಬೇಡಿ ಅಂತ ಮೊದ್ಲೇ ಹೇಳಿದ್ದೆ, ಯಾಕಂದ್ರೆ ನಾವೇ ಎರಡು ಹೆಸ್ರು ಎತ್ತಿಕೊಟ್ರೆ ಪರೀಕ್ಷೆ ಎಲ್ಲಿ ಉಳೀತು? ಅವ್ನು ಮೂಲ ಊರಿಂದ ಶುರು ಮಾಡಿ ಇಳೀತಾ ಬಂದ, ಮುತ್ತಜ್ಜನ ಹತ್ರ ಬಂದಾಗ "ಇವ್ರು ದತ್ತಕ ಬಂದವ್ರ್ರೀ" ಅಂದ. ದೊಡ್ಡಪ್ಪ ಎದ್ದು ಬೈಯ್ಯೋಕೆ ಹೋದ್ರು. ನಾನು ಒಳಗಿಂದ ವಾರಸಾ ನಕಲು ತಂದು ಇಟ್ಟೆ, ಅದ್ರಲ್ಲೂ 'ದತ್ತಕ ಪುತ್ರ' ಅಂತಾನೇ ಇತ್ತು, ನಾನೂ ಯಾರಿಗೂ ತೋರ್ಸಿರ್ಲಿಲ್ಲ. ಅಣ್ಣತಮ್ಮಂದಿರ ಹಿರಿಕಿರಿ ಕ್ರಮ ಕೂಡ ಸರಿಯಾಗಿ ಕೂತ್ಕೊಳ್ತು. ಕಾಣಿಕೆಗೆ ಆಕಳೇ ಬೇಕು ಅಂತ ಕೂತಿದ್ದ, ಐದು ಸಾವಿರ, ಒಂದು ಚೀಲ ಜೋಳ, ಧೋತರಕ್ಕೆ ಒಪ್ಪಿದ. ಬುಕ್ಕಿನ ಫೋಟೋ ತೆಗೆಯೋಕೆ ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಸ್ವಂತ ಐಡಿಯಾ.

ಮಧ್ಯೆ ಮೋಡಿ ಲಿಪಿ (ಹಳೇ ಕಾಗದಪತ್ರಗಳಲ್ಲಿ ಮರಾಠಿ ಬರೀತಿದ್ದ ಕೂಡುಬರಹ) ಹುಚ್ಚೂ ಹಿಡಿದಿತ್ತು. ಮನೆ ಟ್ರಂಕಿನ ಹಳೇ ಕಾಗದ ಓದೋಕೆ ಯೂಟ್ಯೂಬ್ ನೋಡ್ಕೊಂಡು ತಿಂಗಳುಗಟ್ಟಲೆ ಕೂತೆ, ಅಂಕಿ ಬಿಟ್ರೆ ಏನೂ ಬರಲಿಲ್ಲ. ಕೊನೆಗೆ ಪುಟಕ್ಕೆ ಮುನ್ನೂರೋ ಏನೋ ಕೊಟ್ಟು ಓದಿಸಿದ್ರೆ, ಎತ್ತು ತಗೊಳ್ಳೋಕೆ ಮಾಡಿದ ಸಾಲದ ಪತ್ರ!

ಅಜ್ಜಿ ತವರು ಬಾದಾಮಿ ಕಡೆ, ಅವರ ಹೆಳವ ಬೇರೆ. ಬರೋ ಸುಗ್ಗಿಗೆ ಬರ್ತಾನಂತೆ, ಅಷ್ಟರೊಳಗೆ ಅಲ್ಲಿನ ಸರ್ವೆ ನಂಬರ್ ಹುಡುಕ್ತಿದೀನಿ.